ಗಾಂಧಾರಿಯ ಗುಟ್ಟು

ಮದುವೆಯಾಗಿ ನಾಲ್ಕಾರು ವರ್ಷ ಕಳೆದರೂ ಒಂದು ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲವೆಂಬ ಸಂಗತಿ ಊರಿಗೆಲ್ಲ ತಿಳಿದಿರುತ್ತದೆ. ಹೂ ಮಾರುವವಳಿಗೂ ಅದು ಗೊತ್ತು. ದೇವಸ್ಥಾನದ ಅರ್ಚಕರಿಗೂ ಗೊತ್ತು. ಆದರೆ ಆ ತೊಟ್ಟಿಲಿಗಾಗಿ ದಂಪತಿಗಳು ಕೈಕೊಂಡಿರುವ ಚಿಕಿತ್ಸೆಯೊಂದು ಮಾತ್ರ ಯಾರಿಗೂ ತಿಳಿಯಕೂಡದು. ಕೊರತೆಯು ಬಯಲಿನಲ್ಲಿಯೂ ಅದರ ಪರಿಹಾರವು ಕತ್ತಲೆಯಲ್ಲಿಯೂ ಇರುವ ಈ ವಿಪರೀತವು ಇತರ ವ್ಯಾಧಿಗಳ ವಿಷಯದಲ್ಲಿ ಅಪರೂಪ. ಕಣ್ಣಿನ ಪೊರೆ ತೆಗೆಸಿಕೊಂಡವರು ಅದರ ವೃತ್ತಾಂತವನ್ನು ಬಂದವರಿಗೆಲ್ಲ ಬಣ್ಣಿಸುತ್ತಾರೆ. ಸಕ್ಕರೆ ಕಾಯಿಲೆಯವರು ಮದುವೆಮನೆಯ ಪಂಕ್ತಿಯಲ್ಲಿ ಕುಳಿತೇ ತಮ್ಮ ತಮ್ಮ ಅಂಕೆಗಳನ್ನು ಹೋಲಿಸಿಕೊಳ್ಳುತ್ತಾರೆ. ಸಂತಾನಚಿಕಿತ್ಸೆಗೆ ಹೋದವರು ಮಾತ್ರ ಬೆಂಗಳೂರಿಗೆ ‘ಯಾವುದೋ ಕೆಲಸದ ಮೇಲೆ’ ಹೋಗಿರುತ್ತಾರೆ.

ಪುರಾಣಗಳಲ್ಲಿ ಎರಡು ಬಗೆಯೂ ಉಂಟು. ದಶರಥನು ಋಷ್ಯಶೃಂಗನನ್ನು ಕರೆತರಿಸಿ, ಸರಯೂತೀರದಲ್ಲಿ ನಾಡಿಗೆ ನಾಡೇ ನೋಡುತ್ತಿರಲು ಪುತ್ರಕಾಮೇಷ್ಟಿಯನ್ನು ನಡೆಸಿದನು. (ಪಾಯಸವನ್ನು ಕುಡಿದ ರಾಣಿಯರನ್ನು ಯಾರಾದರೂ ಏನನ್ನಾದರೂ ಕೇಳಿದರೋ ಇಲ್ಲವೋ, ಅದು ಬೇರೆ ಮಾತು.) ದಿಲೀಪನು ಸುದಕ್ಷಿಣೆಯನ್ನು ರಥದಲ್ಲಿ ಕೂರಿಸಿಕೊಂಡು ಹಗಲಿನಲ್ಲಿಯೇ ವಸಿಷ್ಠರ ಆಶ್ರಮಕ್ಕೆ ಹೋದನು. ಇನ್ನೊಂದು ಕಡೆ ಗಾಂಧಾರಿ. ಎರಡು ವರ್ಷ ಗರ್ಭವನ್ನು ಹೊತ್ತು, ಕುಂತಿಗೆ ಮಗನಾದನೆಂದು ಕೇಳಿ, ದುಃಖವನ್ನು ತಾಳಲಾರದೆ ಆಕೆ ತನ್ನ ಹೊಟ್ಟೆಯನ್ನು ಹೊಡೆದುಕೊಂಡಳು; ಕಬ್ಬಿಣದ ಗುಂಡಿನಂತಹ ಮಾಂಸಪಿಂಡ ಹೊರಬಿದ್ದಿತು. ವ್ಯಾಸರು ಬಂದು ಅದನ್ನು ನೂರೊಂದು ಭಾಗ ಮಾಡಿಸಿ ತುಪ್ಪದ ಕೊಡಗಳಲ್ಲಿ ಇಡಿಸಿದರೆಂಬ ಕಥೆ ಎಲ್ಲರೂ ಬಲ್ಲದ್ದೇ. ಇತ್ತೀಚೆಗೆ ಪ್ರನಾಳಶಿಶುವಿನ ಮಾತು ಬಂದಾಗಲೆಲ್ಲ ಆ ಕೊಡಗಳನ್ನು ಎತ್ತಿ ತೋರಿಸುವುದೊಂದು ಬಳಕೆಯಾಗಿದೆ. ಆದರೆ ಅದೇ ಪ್ರಸಂಗದಲ್ಲಿ ವ್ಯಾಸರು ಇಟ್ಟಿರುವ ಇನ್ನೊಂದು ಮಾತನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಗಾಂಧಾರಿಯು ಆ ಕೃತ್ಯವನ್ನು ಧೃತರಾಷ್ಟ್ರನಿಗೆ ತಿಳಿಯದಂತೆ ಮಾಡಿದಳು. ಅರಮನೆಯ ತುಂಬ ದಾಸಿಯರಿದ್ದರೂ ಆಕೆಯ ಹೊಟ್ಟೆಯ ಸಂಕಟವನ್ನು ಬಲ್ಲವರು ಇರಲಿಲ್ಲ.

ಶಿವಮೊಗ್ಗೆಯ ಸೀಮೆಯ ಒಂದು ಮನೆಯಲ್ಲಿ 2022ರ ಭಾದ್ರಪದದಲ್ಲಿ ನಡೆದುದು ಇದಕ್ಕೆ ತೀರ ದೂರವಾದುದಲ್ಲ. ಅಡಕೆಯ ತೋಟ, ಹಳೆಯ ತೊಟ್ಟಿಯ ಮನೆ, ಮಾವ, ಅತ್ತೆ. ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಸೊಸೆಗೆ ಮೂವತ್ತೊಂದು ವರ್ಷ. ಮದುವೆಯಾಗಿ ಏಳು ವರ್ಷಗಳಾಗಿದ್ದುವು. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರವಾಗಿತ್ತು. ಊರಿನ ಅಶ್ವತ್ಥಕಟ್ಟೆಯಲ್ಲಿ ನಾಗಪ್ರತಿಷ್ಠೆಯಾಗಿತ್ತು. ಇವೆಲ್ಲ ಊರವರ ಎದುರಿನಲ್ಲಿಯೇ ಊಟೋಪಚಾರ ಸಹಿತವಾಗಿ ನಡೆದುವು. ಕೊನೆಗೆ ದಂಪತಿಗಳು ಬೆಂಗಳೂರಿನ ಒಂದು ಚಿಕಿತ್ಸಾಲಯಕ್ಕೆ ಹೋದರು. ಆ ಸಂಗತಿಯನ್ನು ಬಲ್ಲವರು ಮೂವರೇ: ಮಗ, ಸೊಸೆ, ಅತ್ತೆ. ಮಾವನಿಗೂ ಹೇಳಿರಲಿಲ್ಲ.

ಅತ್ತೆಯನ್ನು ಕಠಿಣಳೆಂದು ಎಣಿಸುವುದು ಅನ್ಯಾಯ. ಆಕೆಗೂ ಮದುವೆಯಾದ ಆರು ವರ್ಷಗಳ ತರುವಾಯವೇ ಮಗನಾದುದು. ಆ ಆರು ವರ್ಷಗಳಲ್ಲಿ ಸೀಮಂತಗಳಿಗೆ ಆಕೆಯನ್ನು ಕರೆಯುತ್ತಿರಲಿಲ್ಲ. ಕರೆದರೂ ಆರತಿಯ ತಟ್ಟೆಯನ್ನು ಆಕೆಯ ಕೈಗೆ ಕೊಡುತ್ತಿರಲಿಲ್ಲ. ಎಳೆಗೂಸನ್ನು ಎತ್ತಿಕೊಂಡರೆ ತಾಯಿಯಾದವಳು ಏನೋ ನೆವ ಹೇಳಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ತಾನು ಉಂಡುದನ್ನು ಸೊಸೆ ಉಣ್ಣಬಾರದೆಂದೇ ಆಕೆ ಗುಟ್ಟಿನ ಕಟ್ಟು ಮಾಡಿದುದು. “ಮೂರು ತಿಂಗಳು ತುಂಬುವ ತನಕ ಒಂದು ಮಾತೂ ಹೊರಗೆ ಬೀಳಬಾರದು. ಕೆಟ್ಟ ಕಣ್ಣು ಹೇಗಿರುತ್ತದೆಯೋ ಬಲ್ಲವರಾರು” ಎಂದು ದೂರವಾಣಿಯಲ್ಲಿ ದಿನವೂ ಹೇಳುತ್ತಿದ್ದಳು.

ಚಿಕಿತ್ಸೆಯ ಕ್ರಮವನ್ನು ಸ್ವಲ್ಪ ವಿವರಿಸದೆ ಮುಂದಿನ ಕಥೆ ತಿಳಿಯಲಾರದು. ಸ್ತ್ರೀಯ ಎರಡು ಅಂಡಾಶಯಗಳು ಸಹಜವಾಗಿ ಒಂದೊಂದು ದೊಡ್ಡ ಬಾದಾಮಿಯಷ್ಟಿರುತ್ತವೆ. ಪ್ರತಿ ತಿಂಗಳೂ ಅವುಗಳಲ್ಲಿ ಹಲವು ನೀರುಗುಳ್ಳೆಗಳು ಬೆಳೆಯತೊಡಗುತ್ತವೆ. ಒಂದೊಂದರಲ್ಲಿ ಒಂದೊಂದು ಅಂಡವಿರುತ್ತದೆ. ಆದರೆ ಪ್ರಾಯಿಕವಾಗಿ ಒಂದೇ ಗುಳ್ಳೆ ಪಕ್ವವಾಗಿ ಒಡೆಯುವುದು, ಮಿಕ್ಕುವು ಒಣಗಿಹೋಗುತ್ತವೆ. ಒಂದು ತೆನೆಗೆ ಒಂದೇ ಕಾಳು ಎಂಬಂತೆ ಪ್ರಕೃತಿಯ ಲೆಕ್ಕ. ವೈದ್ಯರಿಗೆ ಒಂದು ಸಾಲದು. ತೆಗೆದ ಅಂಡಗಳೆಲ್ಲ ಫಲಿಸುವುದಿಲ್ಲ, ಫಲಿಸಿದುವೆಲ್ಲ ಉಳಿಯುವುದಿಲ್ಲ. ಆದುದರಿಂದ ಒಣಗಿಹೋಗುವ ಗುಳ್ಳೆಗಳನ್ನೂ ಸೂಜಿಮದ್ದಿನಿಂದ ಬೆಳೆಯಿಸುತ್ತಾರೆ. ಹತ್ತು ಹನ್ನೆರಡು ದಿನ ಹೊಕ್ಕುಳಿನ ಆಚೆ ಈಚೆ ಸಣ್ಣ ಸೂಜಿಯಿಂದ ಚುಚ್ಚಿಕೊಳ್ಳಬೇಕು. ಗುಳ್ಳೆಗಳು ಸುಮಾರು 18 ಮಿಲಿಮೀಟರಿನಷ್ಟು ಆದ ಮೇಲೆ, ಅವುಗಳನ್ನು ಪಕ್ವಮಾಡುವ ಇನ್ನೊಂದು ಮದ್ದು. ಅದಾದ 36 ಗಂಟೆಗಳಷ್ಟರಲ್ಲಿ ಸೂಜಿಯ ಮೂಲಕ ಅಂಡಗಳನ್ನು ಹೀರಿ ತೆಗೆಯುವುದು.

ಈ ಮದ್ದಿನ ಪೂರ್ವೋತ್ತರವೂ ವಿಚಿತ್ರವಾದುದು. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಅಂಡಾಶಯವನ್ನು ಪ್ರೇರಿಸುವ ದ್ರವ್ಯವು ಹೇರಳವಾಗಿರುತ್ತದೆ. 1949ರಲ್ಲಿ ರೋಮಿನ ರಸಾಯನಜ್ಞ ಪಿಯೆರೊ ಡೊನಿನಿ ಎಂಬಾತನು ಅದನ್ನು ಶುದ್ಧಿಮಾಡುವ ದಾರಿಯನ್ನು ಕಂಡುಕೊಂಡನು. ಅದನ್ನು ಔಷಧವಾಗಿ ಬಳಸಲು ಬ್ರೂನೋ ಲುನೆನ್‌ಫೆಲ್ಡ್ ಎಂಬ ವೈದ್ಯನು ಮುಂದೆ ಬಂದಾಗ, ಅಷ್ಟೊಂದು ಮೂತ್ರವನ್ನು ಒಂದೆಡೆ ದಿನದಿನವೂ ಸಂಗ್ರಹಿಸುವುದೆಲ್ಲಿ ಎಂಬ ಪ್ರಶ್ನೆ ಹುಟ್ಟಿತು. ಇಟಲಿಯ ಮಠಗಳಲ್ಲಿದ್ದ ವೃದ್ಧ ಸಂನ್ಯಾಸಿನಿಯರು ಅದನ್ನು ಒದಗಿಸಿದರು. 1962ರಲ್ಲಿ ಇಸ್ರೇಲಿನಲ್ಲಿ ಆ ಔಷಧದಿಂದ ಮೊದಲ ಹೆಣ್ಣುಮಗು ಜನಿಸಿತು. ಬ್ರಹ್ಮಚರ್ಯದ ವ್ರತವನ್ನು ತೊಟ್ಟ ತಾಯಂದಿರಿಂದ ಪರರ ಮನೆಯ ತೊಟ್ಟಿಲು ತುಂಬಿದ ಈ ಸಂಗತಿ ಯಾವ ಪುರಾಣಕ್ಕೂ ಕಡಮೆಯಾದುದಲ್ಲ. ಈಗ ಅದೇ ದ್ರವ್ಯವನ್ನು ಹೆಚ್ಚಾಗಿ ಪ್ರಯೋಗಶಾಲೆಯಲ್ಲಿ ಜೀವಕೋಶಗಳನ್ನು ಸಾಕಿ ಪಡೆಯುತ್ತಾರೆ. ಇಂಗ್ಲೆಂಡಿನ ಓಲ್ಡಾಮಿನಲ್ಲಿ 1978ರ ಜುಲೈ 25ರಂದು ಹುಟ್ಟಿದ ಮೊದಲ ಪ್ರನಾಳಶಿಶುವಿಗಾಗಿ ಮಾತ್ರ ಯಾವ ಪ್ರೇರಕವನ್ನೂ ಕೊಟ್ಟಿರಲಿಲ್ಲ. ತಾಯಿಯ ದೇಹವು ತಾನಾಗಿ ಕೊಟ್ಟ ಒಂದೇ ಒಂದು ಅಂಡದಿಂದ ಆ ಮಗು ಆಯಿತು.

ಆ ಸೊಸೆಯ ಅಂಡಾಶಯಗಳು ಮೊದಲಿನಿಂದಲೇ ಬಹುಗುಳ್ಳೆಯವು. 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರಿಬ್ಬರು ವರ್ಣಿಸಿದ ಈ ಲಕ್ಷಣವು ಪಿ.ಸಿ.ಓ.ಡಿ. ಎಂಬ ಹೆಸರಿನಿಂದ ಇಂದು ಮನೆಮಾತಾಗಿದೆ. ಇಂತಹವರಲ್ಲಿ, ಅದರಲ್ಲಿಯೂ ವಯಸ್ಸು ಚಿಕ್ಕದಾಗಿ ಮೈ ತೆಳುವಾಗಿದ್ದರೆ, ಪ್ರೇರಕ ಮದ್ದು ಎಣಿಸಿದುದಕ್ಕಿಂತ ಹೆಚ್ಚು ಕೆಲಸ ಮಾಡಿಬಿಡುವುದುಂಟು. ಆಕೆಯಿಂದ ಇಪ್ಪತ್ತೆಂಟು ಅಂಡಗಳು ದೊರೆತುವು. ಸುದ್ದಿ ಕೇಳಿದ ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಚಿಕಿತ್ಸಾಲಯದ ವೈದ್ಯೆಗೆ ಅಷ್ಟು ಸಂತೋಷವಾಗಲಿಲ್ಲ. ಭ್ರೂಣಗಳನ್ನು ಈ ತಿಂಗಳು ಗರ್ಭದಲ್ಲಿ ಇಡುವುದಿಲ್ಲವೆಂದೂ, ಶೈತ್ಯದಲ್ಲಿ ಕಾಪಿಡುವುದೆಂದೂ, ಹೊಟ್ಟೆ ಉಬ್ಬಿದರೆ, ಉಸಿರು ಕಟ್ಟಿದರೆ, ಮೂತ್ರ ಕಡಮೆಯಾದರೆ ತಡಮಾಡದೆ ತಿಳಿಸಬೇಕೆಂದೂ, ದಿನವೂ ತೂಕ ನೋಡಿಕೊಳ್ಳಬೇಕೆಂದೂ ಹೇಳಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಚ್ಚುಮಾಡಿದ ಒಂದು ಕಾಗದವನ್ನು ಕೊಟ್ಟಳು. ಗಂಡನು ಅದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟನು. ಯಾರ ಕೈಗೂ ಸಿಕ್ಕಬಾರದಷ್ಟೆ.

ಶುಕ್ರವಾರ ಅಂಡಗಳನ್ನು ತೆಗೆದುದು. ಮಂಗಳವಾರ ಗೌರಿಯ ಹಬ್ಬ. ಸೊಸೆ ಹಬ್ಬಕ್ಕೆ ಬಾರದಿದ್ದರೆ ಊರವರು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಆದುದರಿಂದ ಶನಿವಾರ ರಾತ್ರಿಯ ಬಸ್ಸಿನಲ್ಲಿ ಆಕೆ ಊರಿಗೆ ಬಂದಳು. ಗಂಡನಿಗೆ ರಜೆ ದೊರೆತುದು ಗಣೇಶನ ದಿನಕ್ಕೆ.

ಗೌರಿಯ ಪೂಜೆಯ ದಿನ ಆಕೆಗೆ ಸೀರೆಯ ಗಂಟು ಬಿಗಿಯಾಯಿತು. ಬಾಗಿ ನಮಸ್ಕಾರ ಮಾಡಲಾರದೆ ಹೋದಳು. ಮರದ ಬಾಗಿನಗಳನ್ನು ಕೊಡುವಾಗ ಒಂದೆರಡು ಬಾರಿ ಕಂಬ ಹಿಡಿದು ನಿಂತಳು. ಬಂದ ಮುತ್ತೈದೆಯರು ಆಕೆಯ ಹೊಟ್ಟೆಯನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರ ಊಹೆ ಶುಭದ್ದೇ. ಅತ್ತೆಯೂ ಸುಮ್ಮನೆ ನಕ್ಕಳು. ಗಣೇಶನ ದಿನ ಕಡುಬಿನ ವಾಸನೆಗೇ ವಾಂತಿಯಾಯಿತು. ಆ ರಾತ್ರಿ ಮಲಗಿದರೆ ಉಸಿರು ಹತ್ತಲಿಲ್ಲ. ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದಳು. ಗಂಡನು ಬೆಂಗಳೂರಿಗೆ ಮಾತಾಡೋಣವೆಂದನು. ಅತ್ತೆಗೆ ಮಾವನ ಕಿವಿಯ ಭಯ. “ಹಬ್ಬದ ಊಟ, ವಾಯು ತುಂಬಿದೆ. ಇಂಗು ಹಾಕಿದ ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ” ಎಂದಳು. ಊರಿನ ವೈದ್ಯರೂ ವಾಯುವಿಗೇ ಗುಳಿಗೆ ಕೊಟ್ಟರು. ಅವರಿಗೆ ಬೇರೆ ಏನನ್ನೂ ಹೇಳಿರಲಿಲ್ಲ.

ಆ ಹೊತ್ತಿಗೆ ಆಕೆಯ ಒಡಲಿನಲ್ಲಿ ನಡೆಯುತ್ತಿದ್ದುದು ವಾಯುವಿನ ಕಾರ್ಯವಲ್ಲ. ಪಕ್ವಮಾಡುವ ಮದ್ದಿನಿಂದ ಅತಿಯಾಗಿ ಕೆರಳಿದ ಅಂಡಾಶಯಗಳು ರಕ್ತನಾಳಗಳ ಗೋಡೆಯನ್ನು ಸಡಿಲಿಸುವ ದ್ರವ್ಯವನ್ನು ಬಿಡುತ್ತವೆ. ಸಣ್ಣ ನಾಳಗಳು ಹಳೆಯ ಮಡಕೆಯಂತೆ ಜಿನುಗತೊಡಗುತ್ತವೆ. ರಕ್ತದ ನೀರಿನಂಶ ಹೊಟ್ಟೆಯೊಳಕ್ಕೆ ಇಳಿದು ತುಂಬುತ್ತದೆ. ಒಮ್ಮೊಮ್ಮೆ ಶ್ವಾಸಕೋಶದ ಸುತ್ತಲೂ ಕೂಡುತ್ತದೆ. ನಾಳಗಳಲ್ಲಿ ಉಳಿದ ರಕ್ತವು ಗಟ್ಟಿಯಾಗುತ್ತದೆ, ಮೂತ್ರ ಬತ್ತುತ್ತದೆ. ದೇಹದಲ್ಲಿ ನೀರಿದ್ದೂ ನೀರಿಲ್ಲದ ಸ್ಥಿತಿ. ಗಟ್ಟಿಯಾದ ರಕ್ತವು ಎಲ್ಲಿಯಾದರೂ ಹೆಪ್ಪುಗಟ್ಟಿದರೆ, ಅದು ಮಿದುಳಿಗೋ ಶ್ವಾಸಕೋಶಕ್ಕೋ ಹೋದರೆ, ಪ್ರಾಣಕ್ಕೇ ಅಪಾಯ. ಇದರ ಸೌಮ್ಯರೂಪವು ಪ್ರನಾಳಚಿಕಿತ್ಸೆಯ ಮೂರರಲ್ಲೊಂದು ಸರದಿಯಲ್ಲಿ ಕಂಡು ತಾನಾಗಿ ಮಾಯವಾಗುವುದು. ಮಧ್ಯಮ ಅಥವಾ ಉಗ್ರರೂಪವು ನೂರಕ್ಕೆ ಮೂರರಿಂದ ಎಂಟು ಸರದಿಗಳಲ್ಲಿ ಬರುವುದೆಂದು ಲೆಕ್ಕ. ಗರ್ಭ ನಿಂತರಂತೂ ಗರ್ಭವೇ ಆ ಪ್ರೇರಕದ್ರವ್ಯವನ್ನು ಹುಟ್ಟಿಸುವುದರಿಂದ ಉಪದ್ರವವು ಇನ್ನಷ್ಟು ದಿನ ಎಳೆಯುತ್ತದೆ. ವೈದ್ಯೆಯು ಭ್ರೂಣವನ್ನು ಕಾಪಿಟ್ಟುದು ಈ ಕಾರಣಕ್ಕೆ.

ಭ್ರೂಣವನ್ನು ಶೈತ್ಯದಲ್ಲಿಟ್ಟು ಮುಂದಿನ ತಿಂಗಳಿಗೆ ಕಾಯುವ ಉಪಾಯವನ್ನು ಈ ದೇಶದಲ್ಲಿ ಮೊದಲು ಮಾಡಿದವನು ಕಲ್ಕತ್ತೆಯ ವೈದ್ಯ ಸುಭಾಷ್ ಮುಖೋಪಾಧ್ಯಾಯ. ಪ್ರೇರಕ ಮದ್ದಿನಿಂದ ಅಂಡಗಳನ್ನು ಪಡೆದು, ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಬೇರೊಂದು ಸರದಿಯಲ್ಲಿ ತಾಯಿಯ ಗರ್ಭಕ್ಕೆ ಸೇರಿಸಿದನು. 1978ರ ಅಕ್ಟೋಬರ್ 3ರಂದು ಹೆಣ್ಣುಮಗು ಹುಟ್ಟಿತು. ಮದ್ದಿನಿಂದ ಕೆರಳಿದ ತಿಂಗಳಲ್ಲಿ ಗರ್ಭಾಶಯವು ಭ್ರೂಣಕ್ಕೆ ಹಿತವಲ್ಲವೆಂಬುದು ಆತನ ಕಾರಣ. ಹೊಟ್ಟೆಯ ನೀರಿನ ಭಯವಲ್ಲ. ಸರಕಾರ ನೇಮಿಸಿದ ಸಮಿತಿ ಆತನನ್ನು ನಂಬಲಿಲ್ಲ. ಆತನನ್ನು ಕಣ್ಣಿನ ಆಸ್ಪತ್ರೆಗೆ ವರ್ಗಮಾಡಿದರು. 1981ರ ಜೂನ್ ತಿಂಗಳಲ್ಲಿ ಆತನು ಆತ್ಮಹತ್ಯೆ ಮಾಡಿಕೊಂಡನು. ಹದಿನಾರು ವರ್ಷಗಳ ಮೇಲೆ, 1997ರಲ್ಲಿ, ಟಿ. ಸಿ. ಆನಂದಕುಮಾರ್ ಎಂಬ ವಿಜ್ಞಾನಿಯು ಆತನ ಕಾಗದಗಳನ್ನು ಪರಿಶೀಲಿಸಿ, ಭಾರತದ ಮೊದಲ ಪ್ರನಾಳಶಿಶುವಿನ ಕೀರ್ತಿ ಆತನಿಗೇ ಸಲ್ಲತಕ್ಕದ್ದೆಂದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದನು. ಪ್ರಾಣವಿದ್ದಾಗ ದೊರೆಯಬೇಕಾದುದು ಪ್ರಾಣ ಹೋದ ಮೇಲೆ ದೊರೆಯಿತು.

ಶುಕ್ರವಾರ ಬೆಳಗ್ಗೆ ಸೊಸೆಯನ್ನು ಜಿಲ್ಲೆಯ ಪಟ್ಟಣದ ಒಂದು ಆಸ್ಪತ್ರೆಗೆ ಕರೆದೊಯ್ದರು. ಗಂಡನು ಹಣದ ಏರ್ಪಾಡಿಗೂ ಔಷಧದ ಅಂಗಡಿಗೂ ಓಡಾಡುತ್ತಿದ್ದನು. ಕೊಠಡಿಯಲ್ಲಿ ವೈದ್ಯರ ಎದುರು ಇದ್ದವರು ಅತ್ತೆ, ಮಾವ. ಏನಾದರೂ ಔಷಧ ನಡೆಯುತ್ತಿದೆಯೇ ಎಂದು ವೈದ್ಯರು ಕೇಳಿದರು. ಅತ್ತೆ, “ಏನೂ ಇಲ್ಲ, ಡಾಕ್ಟ್ರೇ” ಎಂದಳು. ಸೊಸೆ ಮಾವನ ಕಡೆ ನೋಡಿ ತಲೆ ತಗ್ಗಿಸಿದಳು. ಸ್ಕ್ಯಾನಿನಲ್ಲಿ ಹೊಟ್ಟೆಯ ಎರಡು ಪಕ್ಕಗಳಲ್ಲಿಯೂ ಹನ್ನೆರಡು ಸೆಂಟಿಮೀಟರಿಗೆ ಮೀರಿದ, ಗೂಡುಗೂಡಾದ ಎರಡು ಪಿಂಡಗಳು ಕಂಡುವು, ಸುತ್ತಲೂ ನೀರು. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕೆಯೂ ಏರಿತ್ತು. ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು, ರಕ್ತದಲ್ಲಿ ಆ ಅಂಕೆ: ಈ ಮೂರೂ ಕೂಡಿದರೆ ವೈದ್ಯನ ಮನಸ್ಸು ಮೊದಲು ಹೋಗುವುದು ಅರ್ಬುದದ ಕಡೆಗೆ. ಅವರ ತಪ್ಪೆಂದು ಹೇಳುವಂತಿಲ್ಲ. ಮರುದಿನವೇ ಹೊಟ್ಟೆ ತೆರೆದು ನೋಡಬೇಕೆಂದೂ, ಬೇಕಾದರೆ ಎರಡನ್ನೂ ತೆಗೆಯಬೇಕಾದೀತೆಂದೂ ಹೇಳಿ ಒಪ್ಪಿಗೆಯ ಕಾಗದವನ್ನು ತರಿಸಿದರು. ‘ಗಡ್ಡೆ’ ಎಂಬ ಶಬ್ದ ಕೇಳಿದೊಡನೆ ಅತ್ತೆಯ ನಾಲಿಗೆ ಕಟ್ಟಿಹೋಯಿತು. ಗುಟ್ಟನ್ನು ಬಿಡಬೇಕಾದ ಗಳಿಗೆ ಅದೇ ಆಗಿದ್ದರೂ, ಬಿಟ್ಟರೆ ಈ ಗಡ್ಡೆಯನ್ನು ತಾನೇ ತರಿಸಿದಂತಾಗುವುದೆಂಬ ಹೊಸದೊಂದು ಭಯವು ಆಕೆಯನ್ನು ಹಿಡಿಯಿತು.

ಸಂಜೆ ರಕ್ತ ತೆಗೆಯಲು ದಾದಿಯೊಬ್ಬಳು ಬಂದಳು. ಕೇರಳದವಳು, ಕನ್ನಡವನ್ನು ತಡೆತಡೆದು ಆಡುತ್ತಿದ್ದಳು. ಅತ್ತೆ ಕಾಫಿಗೆ ಹೋಗಿದ್ದಳು, ಮಾವ ಹೊರಗಿನ ಬೆಂಚಿನ ಮೇಲೆ. ಹೊದಿಕೆ ಸರಿಪಡಿಸುವಾಗ ಹೊಕ್ಕುಳಿನ ಎರಡು ಪಕ್ಕಗಳಲ್ಲಿ ಸಾಸಿವೆಯಷ್ಟು, ಕಡಲೆಯಷ್ಟು ನೀಲಿಗಟ್ಟಿದ ಕಲೆಗಳು ದಾದಿಯ ಕಣ್ಣಿಗೆ ಬಿದ್ದುವು.

“ಶುಗರಿಗೆ ಸೂಜಿ ಹಾಕ್ಕೊಳ್ತೀರಾ, ಅಮ್ಮಾ?” ಎಂದಳು.

ಸೊಸೆ ಉತ್ತರ ಕೊಡಲಿಲ್ಲ. ದಾದಿ ಇನ್ನೊಮ್ಮೆ ಕೇಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಆಕೆಯ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಸೊಸೆ ಎಲ್ಲವನ್ನೂ ಹೇಳಿದಳು. ಪೆಟ್ಟಿಗೆಯ ತಳದ ಕಾಗದವನ್ನೂ ಹೇಳಿದಳು. ಆ ದಾದಿ ಮೆಟ್ಟಿಲನ್ನು ಓಡುತ್ತ ಇಳಿದು ವೈದ್ಯರ ಕೊಠಡಿಗೆ ಹೋದುದನ್ನು ಮಾವನು ಬೆಂಚಿನಿಂದ ನೋಡಿದನು. ಏಕೆಂಬುದು ಅವನಿಗೆ ಆಮೇಲೆ ತಿಳಿಯಿತು.

ಒಪ್ಪಿಗೆಯ ಕಾಗದವನ್ನು ಹರಿದುಹಾಕಿದರು. ಬೆಂಗಳೂರಿನ ವೈದ್ಯೆಯೊಡನೆ ಆ ರಾತ್ರಿಯೇ ಮಾತುಕತೆಯಾಯಿತು. ಕತ್ತಿಯ ಕೆಲಸ ಇಲ್ಲಿ ಬೇಡವೇ ಬೇಡ. ಹಾಗೆ ಉಬ್ಬಿದ ಅಂಡಾಶಯವನ್ನು ಮುಟ್ಟಿದರೆ ರಕ್ತ ಸುರಿಯುವುದುಂಟು. ಬೇಕಾದುದು ಬೇರೆ: ನಾಳದ ಮೂಲಕ ದ್ರವ ಮತ್ತು ಅಲ್ಬುಮಿನ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ಉಸಿರು ಸಡಿಲವಾಗಲೆಂದು ಸೂಜಿ ಹಾಕಿ ಹೊಟ್ಟೆಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುವುದು, ಕುಡಿದ ನೀರಿಗೂ ಹೋದ ಮೂತ್ರಕ್ಕೂ ಗಂಟೆಗಂಟೆಗೆ ಲೆಕ್ಕ. ಒಂಬತ್ತನೆಯ ದಿನ ಆಕೆ ಮನೆಗೆ ಬಂದಳು. ಮುಟ್ಟಾದ ತರುವಾಯ ‘ಗಡ್ಡೆ’ಗಳು ತಾವಾಗಿ ಇಳಿದುವು. ತಿಂಗಳೆರಡರಲ್ಲಿ ಮತ್ತೆ ಬಾದಾಮಿಯ ಗಾತ್ರ.

ಇಲ್ಲಿ ಚರಕಮಹರ್ಷಿಯ ಒಂದು ಎಚ್ಚರಿಕೆಯನ್ನು ನೆನೆಯುವುದು ಅಪ್ರಸ್ತುತವಲ್ಲ. ಹೆಂಗಸರಿಗೆ ಬರುವ ರಕ್ತಗುಲ್ಮವೆಂಬ ಗಡ್ಡೆಯು ಗರ್ಭದ ಲಕ್ಷಣಗಳನ್ನೇ ತೋರುವುದರಿಂದ, ಹತ್ತನೆಯ ತಿಂಗಳು ಕಳೆದ ಮೇಲೆಯೇ ಅದಕ್ಕೆ ಚಿಕಿತ್ಸೆ ಮಾಡತಕ್ಕದ್ದೆಂದು ಆತನ ವಿಧಿ. ಗಡ್ಡೆಯೆಂದು ಭ್ರಮಿಸಿ ಗರ್ಭವನ್ನು ಕೆಡಿಸಬಾರದೆಂಬುದೇ ಅದರ ತಾತ್ಪರ್ಯವಿರಬೇಕು. ಸ್ಕ್ಯಾನ್ ಇಲ್ಲದ ಕಾಲದ ವೈದ್ಯನು ಕಾಲವನ್ನೇ ಪರೀಕ್ಷಾಸಾಧನವಾಗಿ ಮಾಡಿಕೊಂಡಿದ್ದನು. ಕಾಯುವುದಕ್ಕೂ ಒಂದು ಮಿತಿಯುಂಟು, ನಿಜ. ಉಬ್ಬಿದ ಅಂಡಾಶಯವು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡರೆ ಥಟ್ಟನೆ ಒಂದು ಪಕ್ಕದಲ್ಲಿ ತಾಳಲಾರದ ನೋವು ಬರುತ್ತದೆ. ಆಗ ಗಂಟೆಗಳಲ್ಲಿ ಶಸ್ತ್ರಕ್ರಿಯೆಯಾಗಿ ತಿರುಚನ್ನು ಬಿಡಿಸಬೇಕು. ನೋಡಲು ಕಪ್ಪಾಗಿದ್ದರೂ ಅಂಡಾಶಯವನ್ನು ಬಹುಮಟ್ಟಿಗೆ ಉಳಿಸಬಹುದು. ಕಾಯಬೇಕಾದುದು ಯಾವುದು, ಧಾವಿಸಬೇಕಾದುದು ಯಾವುದು ಎಂದು ವೈದ್ಯನು ತಿಳಿಯಬೇಕಾದರೆ ಅವನಿಗೆ ಪೂರ್ವವೃತ್ತಾಂತ ಬೇಕು.

ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಶಬ್ದವಿರುವುದೂ ಒಂದು ಕಷ್ಟ. ಮದ್ದಿಗೆ ಉಬ್ಬಿದುದೂ ಗಡ್ಡೆ, ಹಳೆಯ ರಕ್ತ ತುಂಬಿ ಕಂದುಬಣ್ಣವಾಗಿ ‘ಚಾಕಲೇಟ್’ ಎಂಬ ಹೆಸರು ಪಡೆದುದೂ ಗಡ್ಡೆ, ಒಳಗೆ ಕೂದಲು, ಒಮ್ಮೊಮ್ಮೆ ಹಲ್ಲೂ ಇರುವ ಡರ್ಮಾಯ್ಡ್ ಎಂಬುದೂ ಗಡ್ಡೆ, ಅರ್ಬುದವೂ ಗಡ್ಡೆ. ಸುಶ್ರುತನು ಒಂದೇ ಅಧ್ಯಾಯದಲ್ಲಿ ಹೇಳಿದರೂ ಗ್ರಂಥಿಯನ್ನೂ ಅರ್ಬುದವನ್ನೂ ಬೇರೆಬೇರೆಯಾಗಿಯೇ ಹೇಳಿದ್ದಾನೆ. ಮನೆಯವರ ಬಾಯಲ್ಲಿ ಎಲ್ಲವೂ ಒಂದೇ ಆಗಿ, ಒಂದರ ಭಯ ಇನ್ನೊಂದರ ಮೇಲೆ ಬೀಳುತ್ತದೆ.

ಆ ಭಯಕ್ಕೆ ಆಧಾರವೇ ಇಲ್ಲವೆಂದೂ ಅಲ್ಲ. 1994ರಲ್ಲಿ ಅಮೆರಿಕೆಯ ಸಿಯಾಟಲಿನ ಸಂಶೋಧಕರು, ಸಂತಾನಕ್ಕಾಗಿ ವೈದ್ಯರನ್ನು ಕಂಡ 3,837 ಸ್ತ್ರೀಯರಲ್ಲಿ 11 ಮಂದಿಗೆ ಅಂಡಾಶಯದ ಗಡ್ಡೆ ಬಂದುದಾಗಿಯೂ, ಸಾಮಾನ್ಯ ಲೆಕ್ಕದಲ್ಲಿ ನಾಲ್ವರಿಗೆ ಬರಬೇಕಾಗಿದ್ದಿತೆಂದೂ, ಕ್ಲೋಮಿಫೀನ್ ಎಂಬ ಗುಳಿಗೆಯನ್ನು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿದವರಲ್ಲಿ ಅಪಾಯ ಹೆಚ್ಚೆಂದೂ ಪ್ರಕಟಿಸಿದರು. ಲೋಕವೆಲ್ಲ ಬೆಚ್ಚಿತು. ಆದರೆ ಇಲ್ಲಿ ತಾರ್ಕಿಕನು ಕೇಳುವ ಪ್ರಶ್ನೆಯೊಂದುಂಟು. ಮಡಕೆಗೆ ಕುಂಬಾರನು ಕಾರಣ, ದಂಡ ಚಕ್ರಗಳು ಕಾರಣ. ಮಣ್ಣನ್ನು ಹೊತ್ತು ತಂದ ಕತ್ತೆಯೂ ಅಲ್ಲಿಯೇ ನಿಂತಿರುತ್ತದೆ, ಆದರೆ ಅದು ಕಾರಣವಲ್ಲ, ಅನ್ಯಥಾಸಿದ್ಧ. ಹೆರದ ಸ್ತ್ರೀಯರಲ್ಲಿ ಅಂಡಾಶಯದ ಅರ್ಬುದವು ಔಷಧವಿಲ್ಲದೆಯೂ ಸ್ವಲ್ಪ ಹೆಚ್ಚು. ಚಾಕಲೇಟ್ ಗಡ್ಡೆಯ ವ್ಯಾಧಿಯುಳ್ಳವರಲ್ಲಿಯೂ ಹೆಚ್ಚು. ಔಷಧ ಸೇವಿಸುವವರು ಇವರೇ. ಹೀಗಿರುವಾಗ ಔಷಧವು ಕುಂಬಾರನೋ, ಕತ್ತೆಯೋ?

2009ರಲ್ಲಿ ಡೆನ್ಮಾರ್ಕಿನವರು ಇಂತಹ 54,362 ಸ್ತ್ರೀಯರನ್ನು ಲೆಕ್ಕಕ್ಕೆ ತೆಗೆದುಕೊಂಡು, ಅರ್ಬುದವಾದ 156 ಮಂದಿಯನ್ನು ಮಿಕ್ಕವರೊಡನೆ ಹೋಲಿಸಿ, ಔಷಧದಿಂದ ಅಪಾಯ ಹೆಚ್ಚಿದುದಕ್ಕೆ ಸ್ಪಷ್ಟವಾದ ಪ್ರಮಾಣ ಕಾಣಲಿಲ್ಲವೆಂದರು. 2018ರಲ್ಲಿ ಬ್ರಿಟನ್ನಿನಿಂದ ಇನ್ನೂ ದೊಡ್ಡ ಲೆಕ್ಕ ಬಂದಿತು: 1991ರಿಂದ 2010ರ ವರೆಗೆ ಚಿಕಿತ್ಸೆ ಪಡೆದ 2,55,786 ಸ್ತ್ರೀಯರು, ಅರ್ಬುದವಾದುದು 405 ಮಂದಿಗೆ, ಸಾಮಾನ್ಯ ಗಣನೆಯಲ್ಲಿ ನಿರೀಕ್ಷಿಸಬಹುದಾಗಿದ್ದುದು ಸುಮಾರು 292. ಆ ಹೆಚ್ಚಳವು ಚಾಕಲೇಟ್ ಗಡ್ಡೆಯ ವ್ಯಾಧಿಯುಳ್ಳವರಲ್ಲಿಯೂ ಮಕ್ಕಳಾಗದೆ ಉಳಿದವರಲ್ಲಿಯೂ ಕಂಡಿತು. ದೋಷವು ಗಂಡನಲ್ಲಿ ಮಾತ್ರವಿದ್ದು ಹೆಂಡತಿಯು ಚಿಕಿತ್ಸೆ ಪಡೆದ ಸಂದರ್ಭಗಳಲ್ಲಿ ಕಾಣಲಿಲ್ಲ. ಕತ್ತೆಯ ಪಕ್ಷಕ್ಕೆ ಇದು ಬಲವಾದ ಸಾಕ್ಷಿ. ಸಾಧುವೂ ಅಲ್ಲದ, ಪೂರ್ಣ ಅರ್ಬುದವೂ ಅಲ್ಲದ ನಡುವಣ ಬಗೆಯ ಗಡ್ಡೆಗಳು ಕೆಲವು ಲೆಕ್ಕಗಳಲ್ಲಿ ಸ್ವಲ್ಪ ಹೆಚ್ಚಾಗಿ ಕಂಡಿವೆ. ಆ ವ್ಯಾಜ್ಯ ಪೂರ್ತಿ ಮುಗಿದಿಲ್ಲ.

ಹೀಗೆ ದೂರದ, ಅಲ್ಪವಾದ, ಇನ್ನೂ ಚರ್ಚೆಯಲ್ಲಿರುವ ಅಪಾಯಕ್ಕೆ ಮನೆಯವರು ನಡುಗುತ್ತಾರೆ. ಹತ್ತೇ ದಿನಗಳಲ್ಲಿ ಬರಬಹುದಾದ, ಬಂದರೆ ಹೊಟ್ಟೆಯ ಮೇಲೆ ಕಣ್ಣಿಗೆ ಕಾಣುವ ಅಪಾಯಕ್ಕೆ ಇಂಗಿನ ಮಜ್ಜಿಗೆ. 2021ರಲ್ಲಿ ಶಾಸನವಾಗಿ 2022ರ ಜನವರಿಯಲ್ಲಿ ಜಾರಿಗೆ ಬಂದ ಸಂತಾನಚಿಕಿತ್ಸೆಯ ಕಾನೂನು, ಚಿಕಿತ್ಸೆಯ ಗುಣದೋಷಗಳನ್ನೂ ಉಪದ್ರವಗಳನ್ನೂ ವೆಚ್ಚವನ್ನೂ ದಂಪತಿಗಳಿಗೆ ಮೊದಲೇ ವಿವರಿಸಿ ಹೇಳಬೇಕೆಂದು ಚಿಕಿತ್ಸಾಲಯಗಳಿಗೆ ವಿಧಿಸಿದೆ. ಅವರ ವಿವರಗಳನ್ನು ಗೋಪ್ಯವಾಗಿಡಬೇಕೆಂದೂ ವಿಧಿಸಿದೆ. ಗೋಪ್ಯವು ದಂಪತಿಗಳ ಹಕ್ಕು, ಸಂದೇಹವಿಲ್ಲ. ಊರ ಬಾಯಿಗೆ ಹೆದರಿ ವೈದ್ಯನ ಕಿವಿಯನ್ನೂ ಮುಚ್ಚಬೇಕೆಂದು ಯಾವ ಕಾನೂನೂ ಹೇಳಿಲ್ಲ. ವಿವರಿಸಿ ಹೇಳುವುದೆಂದರೆ ಅಚ್ಚಾದ ಇಂಗ್ಲಿಷ್ ಕಾಗದವೊಂದನ್ನು ಕೈಯಲ್ಲಿಡುವುದೆಂದು ತಿಳಿದವರೂ ಉಂಟು. ಆ ಕಾಗದ ಕನ್ನಡದಲ್ಲಿದ್ದಿದ್ದರೆ, ಅತ್ತೆ ಅದನ್ನು ಒಮ್ಮೆ ಓದಿದ್ದಿದ್ದರೆ, ಮಜ್ಜಿಗೆಯ ಲೋಟ ಅಡಿಗೆಯ ಮನೆಯಲ್ಲಿಯೇ ಉಳಿಯುತ್ತಿತ್ತೋ ಏನೋ.

ಮಾವನಿಗೆ ಸಂಗತಿ ತಿಳಿದ ರಾತ್ರಿ ಆತನು ಬಹಳ ಹೊತ್ತು ಬೆಂಚಿನ ಮೇಲೆಯೇ ಕುಳಿತಿದ್ದನು. ಕೊನೆಗೆ ಹೆಂಡತಿಯನ್ನು, “ನನಗೆ ಹೇಳಿದ್ದರೆ ನಾನು ಏನು ಮಾಡಿಬಿಡುತ್ತಿದ್ದೆ?” ಎಂದು ಕೇಳಿದನು. ಆಕೆ ಸೆರಗಿನಿಂದ ಮುಖ ಒರಸಿಕೊಂಡು, “ಆ ಆರು ವರ್ಷ ನೀವು ಏನು ಮಾಡಿದಿರಿ?” ಎಂದಳು. ಆತನು ಮತ್ತೆ ಮಾತಾಡಲಿಲ್ಲ. ಮೂವತ್ತೈದು ವರ್ಷಗಳಿಂದ ಆ ಮನೆಯಲ್ಲಿ ಹೇಳದೆ ಉಳಿದಿದ್ದ ಇನ್ನೊಂದು ಮಾತು ಅದು.

ಕಾಪಿಟ್ಟ ಭ್ರೂಣಗಳಲ್ಲಿ ಒಂದನ್ನು ಮಾಘದಲ್ಲಿ ಇಟ್ಟರು, ನಿಲ್ಲಲಿಲ್ಲ. ಇನ್ನು ನಾಲ್ಕು ಉಳಿದಿದ್ದುವು. ಸೊಸೆಯು ಆ ಇಂಗ್ಲಿಷ್ ಕಾಗದವನ್ನು ತಾನೇ ಕೂತು ಕನ್ನಡಕ್ಕೆ ಬರೆದು, ಚಿಕಿತ್ಸಾಲಯದ ದೂರವಾಣಿಯ ಅಂಕೆಯನ್ನು ಮೇಲೆ ದಪ್ಪಕ್ಷರದಲ್ಲಿ ಹಾಕಿ, ಒಂದು ಪ್ರತಿಯನ್ನು ಕೈಚೀಲದಲ್ಲಿಯೂ ಇನ್ನೊಂದನ್ನು ಅಡಿಗೆಯ ಮನೆಯ ಗೋಡೆಯಲ್ಲಿ ಪಂಚಾಂಗದ ಪಕ್ಕದಲ್ಲಿಯೂ ಇಟ್ಟಳು. ಮೊದಲ ದಿನ ಅತ್ತೆ ಅದನ್ನು ತಿರುಗಿಸಿ ನೇತುಹಾಕಿದಳು. ಮರುದಿನ ಮಾವನು ಅದನ್ನು ನೆಟ್ಟಗೆ ಮಾಡಿದನು. ಆಮೇಲೆ ಅದು ಹಾಗೆಯೇ ಇದ್ದಿತು.

ಮರುವರ್ಷದ ಗೌರಿಹಬ್ಬದಲ್ಲಿ ಅತ್ತೆಯು ಒಂದು ಜೊತೆ ಮರವನ್ನು ಹೆಚ್ಚಾಗಿ ತರಿಸಿದಳು. ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ಬೆಲ್ಲ, ರವಕೆಯ ಕಣ ಎಲ್ಲವನ್ನೂ ಕೈಯಾರೆ ತುಂಬಿ, ಮುಚ್ಚಿ, ಕಟ್ಟಿ, ಪಟ್ಟಣದ ಬಸ್ಸಿಗೆ ನಿಂತಳು. ಪಕ್ಕದ ಮನೆಯಾಕೆ, “ಯಾರಿಗಮ್ಮಾ ಈ ಬಾಗಿನ, ಅಷ್ಟು ದೂರ?” ಎಂದು ಕೇಳಿದಳು. ಬಸ್ಸು ಬರಲು ಇನ್ನೂ ಕಾಲು ಗಂಟೆಯಿದ್ದಿತು. ಅತ್ತೆಯು ಬಾಗಿನವನ್ನು ಕಲ್ಲುಬೆಂಚಿನ ಮೇಲಿಟ್ಟು, ಮೊದಲಿನಿಂದ ಹೇಳತೊಡಗಿದಳು.

ಆಸ್ಪತ್ರೆಯ ಬಾಗಿಲಿನಲ್ಲಿ ಆ ದಾದಿಗೆ ಬಾಗಿನವನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ. ಬಿಳಿಯ ಉಡುಪಿನಲ್ಲಿ ಒಡ್ಡಲು ಸೆರಗಿಲ್ಲ. ಎರಡು ಕೈಗಳನ್ನೂ ಮುಂದೆ ಚಾಚಿ ನಿಂತುಕೊಂಡಳು.